ಮೊಳೆ ಕಚ್ಚಿದ ಬಾಯಿ

"ನಿನ್ನ ಬಾಯಿ ಮೊಳೆ ಕಚ್ಚಿಕೊಂಡಿದ್ರೇನೇ ಚೆಂದ ಕಣಯ್ಯಾ. ಮೊಳೆ ತೆಗೆದ್ರೆ ಅಲ್ಲಿಂದ ಬರೋದು ಬರೀ ಗಾಳಿ."

ಭಾವ ಈ ಮಾತನ್ನು ಪೇಪರಿನಿಂದ ಕಣ್ಣೆತ್ತದೆಯೇ ಹೇಳಿದರು. ಕಟಿಂಗ್ ಶಾಪಿನಲ್ಲಿ ಆಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನು ನಗಲು ಹೋಗಿ ನೊರೆ ನುಂಗಿದ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ತೊಡೆ ತಟ್ಟಿಕೊಂಡರು. ಕಟಿಂಗ್ ಶಾಪಿನವನು ಮಾತ್ರ ತಕ್ಷಣ ನಗಲಿಲ್ಲ. ಅವನ ಕೈಯಲ್ಲಿ ಕತ್ತಿ ಇತ್ತು, ಕತ್ತಿಯ ಕೆಳಗೆ ಗಿರಾಕಿಯ ಕುತ್ತಿಗೆ ಇತ್ತು. ಕತ್ತಿಯನ್ನು ಮಡಚಿಟ್ಟು, ಕೈ ಒರೆಸಿಕೊಂಡು, ಆಮೇಲೆ ಸಾವಕಾಶವಾಗಿ ನಕ್ಕ. ಕಸುಬು ಗೊತ್ತಿದ್ದವನು.

ಬೈಸಿಕೊಂಡವನು ಎದುರು ಸಾಲಿನಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವವನು. ಬೀದಿಯ ಪಾಲಿಗೆ ಅವನು ಚೌಕಟ್ಟು. ಗಾಜು ಕೊಯ್ಯುವುದು, ಬೀಡಿಂಗಿನ ಮರದ ಪಟ್ಟಿ ಕತ್ತರಿಸುವುದು, ಮೂಲೆಗೆ ಮೂಲೆ ಕೂಡಿಸುವುದು ಎಲ್ಲವನ್ನೂ ಅವನು ಬಾಯಲ್ಲಿ ಒಂದು ಹಿಡಿ ಮೊಳೆ ಕಚ್ಚಿಕೊಂಡೇ ಮಾಡುತ್ತಿದ್ದ. ಒಂದು ಕೈಗೆ ಸುತ್ತಿಗೆ, ಇನ್ನೊಂದಕ್ಕೆ ಫ್ರೇಮು; ಮೊಳೆಗೆ ದೇವರು ಮೂರನೇ ಕೈ ಕೊಟ್ಟಿಲ್ಲವಾದ್ದರಿಂದ ಬಾಯಿ ಕೊಟ್ಟಿದ್ದಾನೆ ಎಂಬುದು ಅವನ ಸಿದ್ಧಾಂತ. ಬೈದವರು ಅವನ ಅಕ್ಕನ ಗಂಡ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೇರೆಯವರ ಕವರುಗಳ ಮೇಲೆ ಮುದ್ರೆ ಒತ್ತಿ ಒತ್ತಿ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಈಗ ಮನುಷ್ಯರ ಮೇಲೆ ಒತ್ತುತ್ತಿದ್ದರು. ಭಾಮೈದನ ಹಣೆ ಎಲ್ಲಕ್ಕಿಂತ ಹತ್ತಿರ ಸಿಗುತ್ತಿತ್ತು.

ಚೌಕಟ್ಟು ಅಂಥ ದೊಡ್ಡ ಅಪರಾಧವನ್ನೇನೂ ಮಾಡಿರಲಿಲ್ಲ. "ಭಾವಾ, ನಮ್ಮ ಬೀದಿ ಬಗ್ಗೆ ಸಂಚಾರ ಆಫೀಸಿನಲ್ಲಿ ಏನೋ ಮಾತಾಡ್ತಿದ್ರು" ಎಂದಿದ್ದ, ಅಷ್ಟೆ. ಭಾವ ಓದಿದವರು, ಒಂದು ಅರ್ಜಿ ಬರೆದುಕೊಟ್ಟಾರು ಎಂಬ ಆಸೆಯಿತ್ತು. ಆ ಆಸೆ ಈಗ ನೊರೆಯ ಜೊತೆ ನೀರಿನಲ್ಲಿ ಹೋಯಿತು.

ಆಫೀಸಿನಲ್ಲಿ ಆದದ್ದು ಇದು. ಆ ಬೆಳಿಗ್ಗೆ ದೊಡ್ಡ ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ಸಾಹೇಬರದೇ ಗುಂಪು ಫೋಟೋ ತೂಗುಹಾಕಲು ಚೌಕಟ್ಟು ಸ್ಟೂಲು ಹತ್ತಿದ್ದ. ಕೆಳಗೆ ಸಾಹೇಬರೂ ಮರಿ ಸಾಹೇಬರೂ ಊರಿನ ನಕ್ಷೆ ಹರಡಿಕೊಂಡು, ನಾಲ್ಕು ಮೂಲೆಗೆ ನಾಲ್ಕು ಟೀ ಲೋಟ ಇಟ್ಟುಕೊಂಡು ಕೂತಿದ್ದರು.

"ಸೇತುವೆ ಹತ್ರದ ಬೀದಿ ಒನ್ ವೇ ಯಾಕೆ? ಎರಡೂ ಕಡೆ ಬಿಟ್ಬಿಡಿ. ಸುತ್ತು ಹಾಕೋದು ತಪ್ಪುತ್ತೆ," ಎಂದರು ದೊಡ್ಡ ಸಾಹೇಬರು.

"ಜನರನ್ನ ಒಂದ್ಸಲ ಕೇಳಬೇಕಲ್ಲ ಸಾರ್?" ಎಂದ ಮರಿ ಸಾಹೇಬ.

"ಜನ ಅಂದ್ರೆ ಯಾರ್ರೀ?"

ಕೋಣೆಯಲ್ಲೆಲ್ಲ ಹುಡುಕಿದರು. ಜನ ಎನ್ನುವಂಥದ್ದು ಸ್ಟೂಲಿನ ಮೇಲೆ ಒಂದೇ ಇತ್ತು.

"ಏಯ್, ನಿನ್ನ ಅಂಗಡಿ ಅದೇ ಬೀದೀಲಲ್ವಾ? ಎರಡೂ ಕಡೆ ಬಿಟ್ರೆ ನಿನಗೇನಾದ್ರೂ ತೊಂದರೆ ಇದೆಯಾ?"

ತೊಂದರೆ ಇತ್ತು. ಬೆಟ್ಟದಷ್ಟು ಇತ್ತು. ಆದರೆ ಬಾಯಿ ತುಂಬ ಮೊಳೆ ಇತ್ತು, ಎರಡೂ ಕೈಯಲ್ಲಿ ಸಾಹೇಬರ ಫೋಟೋ ಇತ್ತು. ಫೋಟೋ ಬಿಟ್ಟರೆ ಅದು ನೇರವಾಗಿ ಸಾಹೇಬರ ಬೋಳುತಲೆಯ ಮೇಲೆ ಬೀಳುತ್ತಿತ್ತು. ಚೌಕಟ್ಟು ಕಣ್ಣುಗಳಿಂದಲೇ ಎಷ್ಟೆಷ್ಟೋ ಹೇಳಿದ. ಕಣ್ಣಿನ ಮಾತನ್ನು ನಮ್ಮ ಸರ್ಕಾರಿ ಕಚೇರಿಗಳು ಇನ್ನೂ ಸ್ವೀಕರಿಸುವುದಿಲ್ಲ.

"ನೋಡಿ, ಸುಮ್ನಿದಾನೆ. ವಿರೋಧ ಇದ್ದಿದ್ರೆ ಬಾಯಿ ಬಿಡ್ತಿದ್ದ. ಜನ ಒಪ್ಪಿದ್ದಾರೆ, ಮುಂದಿನ ಬೀದಿ ಹೇಳಿ," ಎಂದರು ಸಾಹೇಬರು.

ಚೌಕಟ್ಟು ಫೋಟೋ ಸಿಕ್ಕಿಸಿ, ಮೊಳೆಗಳನ್ನು ಅಂಗೈಗೆ ಉಗುಳಿ "ಸಾರ್..." ಎನ್ನುವಷ್ಟರಲ್ಲಿ ನಕ್ಷೆ ಮಡಚಿಯಾಗಿತ್ತು.

"ಏನದು? ಎಡಕ್ಕೆ ವಾಲಿದೆ ನೋಡು," ಎಂದರು ಸಾಹೇಬರು.

ಅವನು ಫೋಟೋ ನೆಟ್ಟಗೆ ಮಾಡಿದ. ನೆಟ್ಟಗೆ ಮಾಡಬೇಕಾದ್ದು ಬೇರೆಯೇ ಇತ್ತು. ಆದರೆ ಸಾಹೇಬರು ಹೇಳಿದ್ದು ಅದನ್ನೇ, ಅವನು ಮಾಡಿದ್ದೂ ಅದನ್ನೇ. ಬಡವರನ್ನು ಹಾಗೆಯೇ ಬೆಳೆಸಿರುತ್ತಾರೆ.

ಈಗ ಆ ಬೆಟ್ಟದಷ್ಟು ತೊಂದರೆ ಏನೆಂದು ಹೇಳಬೇಕು.

ಆ ಬೀದಿ ಸೇತುವೆಯ ಬುಡದಿಂದ ಹೊರಟು ಮಾರುಕಟ್ಟೆಯ ಬಾಯಿಗೆ ಹೋಗಿ ಮುಗಿಯುತ್ತದೆ. ಗಾಡಿಗಳು ಸೇತುವೆ ಇಳಿದು ಮಾರುಕಟ್ಟೆಯ ಕಡೆ ಹೋಗಬೇಕು; ತಿರುಗಿ ಬರುವ ಹಾಗಿಲ್ಲ. ಮಾರುಕಟ್ಟೆ ತುದಿಯಲ್ಲಿ ಒಬ್ಬ ಪೊಲೀಸ್ ನಿಂತಿರುತ್ತಿದ್ದ. ಬೀದಿಯವರ ಬಾಯಲ್ಲಿ ಅವನು ಸೀಟಿ. ಉಲ್ಟಾ ಬಂದ ಸೈಕಲ್ಲನ್ನೂ ಬಿಡುವವನಲ್ಲ. ಹೀಗಾಗಿ ಆ ಬೀದಿಯವರು ಹುಟ್ಟಿದಾಗಿನಿಂದ ರಸ್ತೆ ದಾಟುವಾಗ ಸೇತುವೆಯ ಕಡೆಗೆ ಮಾತ್ರ ನೋಡಿದವರು. ಈ ಸಾಲಿನವರ ಕುತ್ತಿಗೆ ಬಲಕ್ಕೆ ತಿರುಗುತ್ತಿತ್ತು, ಆ ಸಾಲಿನವರದು ಎಡಕ್ಕೆ. ಅಂಗಿಯ ಕಾಲರ್ ಯಾವ ಬದಿ ಸವೆದಿದೆ ಎಂದು ನೋಡಿಯೇ ಗಿರಾಕಿ ಯಾವ ಸಾಲಿನವನೆಂದು ಹೇಳಬಲ್ಲೆ ಎಂದು ಅಲ್ಲಿನ ದರ್ಜಿ ಎದೆ ತಟ್ಟಿಕೊಳ್ಳುತ್ತಿದ್ದ.

ಕಟಿಂಗ್ ಶಾಪಿನ ಮೇಲಿನ ಮನೆ ಅಕ್ಕನದು. ಅವಳ ಎಡಗಣ್ಣಿಗೆ ದೃಷ್ಟಿ ಇರಲಿಲ್ಲ. ಚಿಕ್ಕಂದಿನ ಜ್ವರವೊಂದು ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿತ್ತು. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ಒಂದೇ ತರ, ಚೆನ್ನಾಗಿಯೇ ಇದ್ದವು. ಮದುವೆಯ ಮಾತಿನಲ್ಲಿ ಅವ್ವ ಇದನ್ನು ಬಾಯಿಬಿಡಲಿಲ್ಲ. ಮಕ್ಕಳಿಬ್ಬರಿಂದಲೂ ಆಣೆ ಹಾಕಿಸಿಕೊಂಡಳು. "ಮದುವೆ ಆದ್ಮೇಲೆ ನೀನೇ ನಿಧಾನಕ್ಕೆ ಹೇಳ್ಕೋ" ಎಂದಿದ್ದಳು. ಅಕ್ಕ ಇವತ್ತು, ನಾಳೆ ಎನ್ನುತ್ತ ಹೋದಳು. "ಹೇಳೋ ದಿನ ಅಂತ ಒಂದಿತ್ತು ಪುಟ್ಟಾ. ಯಾವುದು ಅಂತ ಗೊತ್ತಾಗೋದ್ರೊಳಗೆ ದಾಟಿಹೋಯ್ತು. ಈಗ ಹೇಳಿದ್ರೆ, ಇಷ್ಟು ವರ್ಷ ಮೋಸ ಮಾಡಿದ್ಯಾ ಅಂತಾರೆ," ಎಂದು ತಮ್ಮನಿಗೆ ಹೇಳುತ್ತಿದ್ದಳು.

ದಿನಾ ಮಧ್ಯಾಹ್ನ ಅವಳು ತಮ್ಮನಿಗೆ ಊಟದ ಡಬ್ಬಿ ಹಿಡಿದು ರಸ್ತೆ ದಾಟುತ್ತಿದ್ದಳು. ಮನೆಯಿಂದ ಅಂಗಡಿಗೆ ಬರುವಾಗ ಸೇತುವೆ ಅವಳ ಬಲಗಡೆಗಿರುತ್ತಿತ್ತು. ಗಾಡಿಗಳೆಲ್ಲ ಕಾಣುವ ಕಣ್ಣಿನ ಕಡೆಯಿಂದಲೇ ಬರುತ್ತಿದ್ದವು. ಹಿಂತಿರುಗುವಾಗ ಸೇತುವೆ ಎಡಗಡೆಗೆ ಬೀಳುತ್ತಿತ್ತು. ಅದಕ್ಕೇ ಚೌಕಟ್ಟು ಅಂಗಡಿಗೆ ಅರ್ಧ ಬಾಗಿಲು ಎಳೆದು, "ಪೇಪರ್ ಓದ್ಕೊಂಡು ಬರ್ತೀನಿ" ಎನ್ನುತ್ತ ಅವಳ ಎಡಕ್ಕೆ ನಿಂತು ಜೊತೆಗೆ ದಾಟುತ್ತಿದ್ದ. ದಾಟಿದ ಮೇಲೆ ಸುಳ್ಳು ನಿಜವಾಗಬೇಕಲ್ಲ, ಕಟಿಂಗ್ ಶಾಪಿಗೆ ಹೋಗಿ ಕೂರುತ್ತಿದ್ದ. ಭಾವ ಅಲ್ಲೇ ಇರುತ್ತಿದ್ದರು, ಬೈಗುಳ ಕಾದಿರುತ್ತಿತ್ತು. ಗಿರಾಕಿ ಬರುವ ಹೊತ್ತಿಗೆ ಅಂಗಡಿ ಮುಚ್ಚಿ ಪೇಪರ್ ಓದುವ ಸೋಮಾರಿ ಎಂದು ಇಡೀ ಬೀದಿ ಅವನಿಗೆ ಬಿರುದು ಕೊಟ್ಟಿತ್ತು. ಅವನು ಪೇಪರನ್ನು ತಲೆಕೆಳಗು ಹಿಡಿದದ್ದನ್ನು ಕಂಡವರೂ ಇದ್ದರು.

ಇಷ್ಟು ಗೊತ್ತಿದ್ದೂ, ಆ ಮಧ್ಯಾಹ್ನ ಅಷ್ಟು ಜನರ ನಗುವಿನ ನಡುವೆ ನಿಂತಾಗ, ಅವನ ಬುದ್ಧಿಗೆ ಏನೋ ಮಂಕು ಕವಿಯಿತು.

"ಗಾಳಿ ಅಲ್ಲ ಭಾವಾ," ಎಂದ. "ನಮ್ಮ ಬೀದಿ ಎರಡೂ ಕಡೆ ಬಿಡ್ತಾರೆ. ನನ್ನನ್ನೇ ಕೇಳಿದ್ದು. ದೊಡ್ಡ ಸಾಹೇಬ್ರು ಎದ್ದು ನಿಂತು, ನೀವೇನಂತೀರಾ ಅಂದ್ರು. ನಾನು ಯೋಚನೆ ಮಾಡಿ, ಆಗಲಿ ಅಂದೆ."

ನಗು ನಿಂತಿತು. ನೊರೆಯವನು ಕತ್ತು ತಿರುಗಿಸಿ ನೋಡಿದ. ಭಾವ ಪೇಪರ್ ಕೆಳಗಿಳಿಸಿದರು. ಅಂಥ ಮೌನವನ್ನು ಚೌಕಟ್ಟು ತನ್ನ ಜನ್ಮದಲ್ಲಿ ಗಳಿಸಿರಲಿಲ್ಲ. ಅದರ ರುಚಿ ನಾಲಿಗೆಗೆ ಹತ್ತಿತು.

ಮರುವಾರ ಸಂಚಾರ ಇಲಾಖೆಯವರು ಬಂದು 'ಬರುವ ತಿಂಗಳಿಂದ ಎರಡೂ ಕಡೆ ಸಂಚಾರ' ಎಂಬ ಬೋರ್ಡು ನೆಟ್ಟಾಗ ಬೀದಿ ಬೆಚ್ಚಿಬಿತ್ತು. ಚೌಕಟ್ಟು ಹೇಳಿದ್ದು ನಿಜ! ಅಂದಿನಿಂದ ಕಟಿಂಗ್ ಶಾಪಿನಲ್ಲಿ ಅವನು ಕಾಲಿಟ್ಟ ಕೂಡಲೇ ಒಂದು ಕುರ್ಚಿ ಖಾಲಿಯಾಗುತ್ತಿತ್ತು. ಜನ ಬೇಡಿಕೆ ತರತೊಡಗಿದರು. ಬಸ್ ಸ್ಟಾಪು ತನ್ನ ಅಂಗಡಿಯ ಮುಂದೆಯೇ ಬರಬೇಕೆಂದು ದರ್ಜಿ ಅವನ ಅಂಗಿಗೆ ಬಿಟ್ಟಿ ಗುಂಡಿ ಹೊಲಿದುಕೊಟ್ಟ.

"ಸಿಗ್ನಲ್ ದೀಪ ನನ್ನ ಅಂಗಡಿ ಎದುರಿಗೇ ಹಾಕ್ಸಣ್ಣಾ," ಎಂದ ಕಟಿಂಗ್ ಶಾಪಿನವನು. "ಕೆಂಪು ದೀಪಕ್ಕೆ ನಿಂತವನು ಕನ್ನಡಿ ನೋಡ್ತಾನೆ. ಕನ್ನಡಿ ನೋಡಿದವನು ಗಡ್ಡ ಮುಟ್ಕೋತಾನೆ. ಗಡ್ಡ ಮುಟ್ಕೊಂಡವನು ಒಳಗೆ ಬರ್ತಾನೆ."

"ನೋಡೋಣ, ಹೇಳ್ತೀನಿ," ಎಂದ ಚೌಕಟ್ಟು. ಹಾಗೆನ್ನುವಾಗ ಅವನ ದನಿ ಸಾಹೇಬರ ದನಿಯಂತೆಯೇ ಕೇಳಿಸಿತು.

ಸೀಟಿ ಮಾತ್ರ ಅವನ ಅಂಗಡಿಗೆ ಬಂದು ಗಾಜಿನ ಮೇಲೆ ಲಾಠಿ ಊರಿ ನಿಂತ. "ಒನ್ ವೇ ತೆಗೆಸಿಬಿಟ್ಯಲ್ಲೋ. ಇನ್ನು ನಾನು ಯಾರನ್ನ ಹಿಡೀಲಿ? ಎರಡೂ ಕಡೆಯಿಂದ ಬರೋನು ಎರಡೂ ಕಡೆಯಿಂದ ಸರಿ ಅಂತಾದ್ರೆ ಪೊಲೀಸ್ ಯಾಕೆ ಬೇಕು ಹೇಳು?"

ಈ ಪ್ರಶ್ನೆಗೆ ಉತ್ತರ ದೊಡ್ಡ ದೊಡ್ಡವರಲ್ಲೂ ಇರಲಿಕ್ಕಿಲ್ಲ. ಚೌಕಟ್ಟು ಮೊಳೆ ಕಚ್ಚಿಕೊಂಡ.

ಅಕ್ಕ ಡಬ್ಬಿ ತಂದಾಗ ಅವನು ತಲೆ ಎತ್ತಲಿಲ್ಲ. ಅವಳು ಮಾತ್ರ ಸ್ಟೂಲಿನ ಮೇಲೆ ಕೂತು ಒಬ್ಬಳೇ ನಗುತ್ತಿದ್ದಳು.

"ಬೆಳಿಗ್ಗೆ ನಿಮ್ಮ ಭಾವ ಏನಂದ್ರು ಗೊತ್ತಾ? 'ನಿನ್ನ ತಮ್ಮ ಅಷ್ಟೊಂದು ದಡ್ಡ ಅಲ್ಲ ಅನ್ಸುತ್ತೆ' ಅಂದ್ರು. ಅವರ ಬಾಯಲ್ಲಿ! ನಾನು ಪಾತ್ರೆ ಕೆಳಗೆ ಹಾಕ್ಬಿಟ್ಟೆ."

"ಅಕ್ಕಾ, ನಾನು ಆಫೀಸಿಗೆ ಹೋಗಿ ಬೇಡ ಅಂತ ಹೇಳ್ತೀನಿ."

"ಯಾಕೋ?"

"ಯಾಕೋ ಅಂದ್ರೆ? ನಿನ್ನ ಕಣ್ಣು..."

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೆಲ್ಲಗೆ. ಕಣ್ಣಿಗೇನಾಗಿದೆ? ಕುತ್ತಿಗೆ ಇನ್ನೊಂದು ಸ್ವಲ್ಪ ತಿರುಗಿಸಿದ್ರೆ ಆಯ್ತು. ನನಗೋಸ್ಕರ ಬೇಡ ಅನ್ಬೇಡ ಕಣೋ. ಮೊದಲನೇ ಸಲ ಬೀದಿಯವರು ನಿನ್ನನ್ನ ಕೂತ್ಕೋ ಅಂತಿದ್ದಾರೆ. ಕೂತ್ಕೋ."

ಅವನು ಕೂತ. ತಪ್ಪು ಮಾಡಲು ಕೆಲವರಿಗೆ ಧೈರ್ಯ ಬೇಕು. ಚೌಕಟ್ಟಿನಂಥವರಿಗೆ ಒಂದು ಕುರ್ಚಿ ಸಾಕು.

ಬೀದಿ ಎರಡೂ ಕಡೆಗೆ ಬಿಚ್ಚಿಕೊಂಡ ದಿನ ಒಂದು ಯಂತ್ರ ಬಂತು. ಎರಡು ಸಾಲು ಗಾಡಿಗೆ ಜಾಗ ಬೇಕಲ್ಲ, ಅದು ಎರಡೂ ಕಡೆಯ ಫುಟ್‌ಪಾತನ್ನು ರೊಟ್ಟಿ ಮುರಿದ ಹಾಗೆ ಮುರಿದು ಹಾಕಿತು. ಅಂಗಡಿಗಳ ಮೆಟ್ಟಿಲುಗಳೂ ಅದರ ಜೊತೆ ಹೋದವು. ಉಳಿದ ಅಂಚಿಗೆ ಮೊಣಕಾಲೆತ್ತರದ ಕಲ್ಲು ನಿಲ್ಲಿಸಿದರು. ಕಟಿಂಗ್ ಶಾಪಿಗೆ ಬರುವ ಮುದುಕರನ್ನು ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ಒಳಗಿಡಬೇಕಾಯಿತು. ಸಿಗ್ನಲ್ ದೀಪ ಬರಲಿಲ್ಲ. ಬಸ್ ಸ್ಟಾಪೂ ಬರಲಿಲ್ಲ. ಗಾಡಿ ನಿಲ್ಲಿಸಬಾರದು ಎಂಬ ಬೋರ್ಡು ಮಾತ್ರ ಪ್ರತಿಯೊಂದು ಅಂಗಡಿಯ ಮುಂದೂ ಬಂತು. ಅದರಲ್ಲಿ ಯಾರಿಗೂ ಭೇದಭಾವ ಮಾಡಲಿಲ್ಲ.

ಜನ ಎಂದಿನಂತೆ ಸೇತುವೆಯ ಕಡೆಗೆ ಮಾತ್ರ ನೋಡಿ ರಸ್ತೆಗಿಳಿದರು. ಮಾರುಕಟ್ಟೆ ಕಡೆಯಿಂದ ಬಂದ ತರಕಾರಿ ಗಾಡಿ ದರ್ಜಿಯ ಟೇಪನ್ನು ಕೊರಳಿನಿಂದಲೇ ಎಳೆದುಕೊಂಡು ಹೋಯಿತು. ಸೀಟಿ ಅಭ್ಯಾಸಬಲದಿಂದ ಬಂದವರಿಗೆಲ್ಲ ಊದುತ್ತಿದ್ದ. ಆಮೇಲೆ ನೆನಪಾಗಿ ಕೈಬೀಸಿ ಬಿಡುತ್ತಿದ್ದ. ಬೀದಿಯ ಕುಂಟುನಾಯಿ ಒಂದೇ ದಿನದಲ್ಲಿ ಎರಡೂ ಕಡೆ ನೋಡಿ ದಾಟುವುದನ್ನು ಕಲಿಯಿತು. ಅದಕ್ಕೆ ಕಾಲರ್ ಇರಲಿಲ್ಲ.

"ಎಲ್ಲಯ್ಯಾ ನನ್ನ ಸಿಗ್ನಲ್ಲು?" ಎಂದ ಕಟಿಂಗ್ ಶಾಪಿನವನು. ಖಾಲಿಯಾಗುತ್ತಿದ್ದ ಕುರ್ಚಿ ಈಗ ಚೌಕಟ್ಟು ಕಾಲಿಟ್ಟ ಕೂಡಲೇ ಭರ್ತಿಯಾಗುತ್ತಿತ್ತು. ದರ್ಜಿ ಬಿಟ್ಟಿ ಗುಂಡಿಯನ್ನು ವಾಪಸು ಕೇಳಿದ. ಕೊಡಲು ಹೋದರೆ, "ಇರ್ಲಿ ಬಿಡು, ನಿನ್ನ ಹತ್ರ ಇನ್ನೇನಿದೆ" ಎಂದು ಎಲ್ಲರೆದುರು ದಾನ ಮಾಡಿದ.

ಬೈಗುಳ ಚೌಕಟ್ಟಿಗೆ ಹೊಸದಲ್ಲ. ಅವನ ಕಣ್ಣೆಲ್ಲ ಮಧ್ಯಾಹ್ನದ ಮೇಲಿತ್ತು. ಅಕ್ಕ ಬಾಗಿಲಲ್ಲಿ ಕಂಡ ಕೂಡಲೇ ಸುತ್ತಿಗೆ ಬಿಟ್ಟು ಓಡಿ ರಸ್ತೆ ದಾಟಿ, "ಅಯ್ಯೋ, ನಾನೂ ಈ ಕಡೆ ಬಂದಿದ್ದೆ" ಎನ್ನುತ್ತ ಅವಳ ಎಡಕ್ಕೆ ನಿಲ್ಲುತ್ತಿದ್ದ.

"ದಿನಾ ಅದೇ ಹೊತ್ತಿಗೆ ಈ ಕಡೆ ಯಾಕೋ ಬಂದಿರ್ತೀಯಾ? ನಿಮ್ಮ ಭಾವ ಕಿಟಕೀಲಿ ನಿಂತಿದಾರೆ, ಕೇಳ್ತಾರೆ," ಎಂದು ಅಕ್ಕ ಹಲ್ಲು ಕಚ್ಚಿ ಗದರಿದಳು.

"ಡಬ್ಬಿ ತರಬೇಡ ಅಕ್ಕಾ. ಹೋಟೆಲ್ಲಲ್ಲಿ ತಿಂತೀನಿ."

"ಹಾಗಂದ್ರೆ ನಾನು ಬದುಕಿರೋದು ಯಾಕೆ?"

ಬೇರೆ ದಾರಿ ಕಾಣದೆ ಚೌಕಟ್ಟು ಯಾವತ್ತೂ ಮಾಡದಿದ್ದ ಕೆಲಸ ಮಾಡಿದ. ಭಾವನ ಮನೆಯ ಮೆಟ್ಟಿಲು ಹತ್ತಿ ಊಟಕ್ಕೆ ಕೂತ. ಅಕ್ಕ ರಸ್ತೆಗೆ ಇಳಿಯುವುದೇ ಬೇಡ. ತಾನೇ ಬಂದು ಉಂಡು ಹೋದರಾಯಿತು. ಈ ಉಪಾಯ ಎಷ್ಟು ಸರಳವಾಗಿತ್ತೆಂದರೆ, ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಅವನಿಗೇ ನಗು ಬಂತು. ಕೆಲವು ದಿನ ಎಲ್ಲವೂ ನೆಟ್ಟಗೆ ನಡೆಯಿತು. ಅಕ್ಕ ಬಡಿಸುತ್ತಿದ್ದಳು, ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ, ಭಾವ ಮೂಗಿನಿಂದ ಉಸಿರು ಬಿಡುತ್ತಿದ್ದರು.

ಒಂದು ದಿನ ಭಾವನ ಹಳೆಯ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರು.

"ಇವರು ಯಾರು?" ಎಂದರು ಒಬ್ಬರು.

"ಇವರಾ? ಈ ರಸ್ತೆ ತಂದ ಮಹಾನುಭಾವರು," ಎಂದರು ಭಾವ. "ಊರಿನವರ ಅನ್ನಕ್ಕೆ ಕಲ್ಲು ಹಾಕಿ, ತಮ್ಮ ಅನ್ನಕ್ಕೆ ಇಲ್ಲಿಗೆ ಬರ್ತಾರೆ. ಬಡಿಸೇ, ಇನ್ನೊಂದು ಸ್ವಲ್ಪ ಬಡಿಸು. ರಸ್ತೆ ತಂದು ಸುಸ್ತಾಗಿರ್ತಾರೆ."

ಬಂದವರು ನಕ್ಕರು. ಚೌಕಟ್ಟು ತಟ್ಟೆಯಿಂದ ಕೈ ತೆಗೆಯಲಿಲ್ಲ. ತೆಗೆದರೆ ನಾಳೆ ಬರುವಂತಿಲ್ಲ, ನಾಳೆ ಬರಲೇಬೇಕು. ತುತ್ತು ಮಾಡಿದ, ನುಂಗಿದ, ಮತ್ತೊಂದು ತುತ್ತು ಮಾಡಿದ. ಮಾನ ಬಿಟ್ಟವನೆಂದು ಬಂದವರಿಗೆಲ್ಲ ಖಾತ್ರಿಯಾಯಿತು. ಅವತ್ತು ಅವನು ಉಂಡದ್ದಕ್ಕಿಂತ ಕಷ್ಟದ ಕೆಲಸವನ್ನು ಆ ಊರಿನ ಯಾವ ಗಂಡಸೂ ಮಾಡಿರಲಿಕ್ಕಿಲ್ಲ.

ಆದರೆ ಅಕ್ಕನಿಗೆ ತಡೆಯಲಾಗಲಿಲ್ಲ. ಸೌಟನ್ನು ಪಾತ್ರೆಯಲ್ಲಿ ಕುಕ್ಕಿದಳು. "ಸಾಕು. ಪುಟ್ಟಾ, ಎದ್ದೇಳು. ನಾಳೆಯಿಂದ ಈ ಮೆಟ್ಟಿಲು ಹತ್ತಬೇಡ. ನಿನ್ನ ಊಟ ನಿನ್ನ ಅಂಗಡಿಗೇ ಬರುತ್ತೆ. ನಾನೇ ತರ್ತೀನಿ."

"ಅಕ್ಕಾ, ನನಗೇನೂ ಬೇಜಾರಿಲ್ಲ..."

"ನನಗಿದೆ."

ಮರುದಿನ ಬೆಳಿಗ್ಗೆಯೇ ಚೌಕಟ್ಟು ಸಂಚಾರ ಆಫೀಸಿನ ಬೆಂಚಿನ ಮೇಲೆ ಕೂತಿದ್ದ. ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಉರು ಹೊಡೆದಿದ್ದ. ಒಂದೇ ತೊಂದರೆ, ನಿಜವಾದ ಕಾರಣವನ್ನು ಬಿಟ್ಟು ಉಳಿದದ್ದೆಲ್ಲ ಹೇಳಬೇಕಿತ್ತು. ಸಾಹೇಬರು ಒಳಗೆ ಕರೆಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

"ಸಾರ್, ಬೀದೀನ ಮೊದಲಿನ ಹಾಗೇ ಮಾಡಿಬಿಡಿ ಸಾರ್."

"ಯಾಕಯ್ಯಾ?"

"ಗಾಡಿ ಜಾಸ್ತಿ ಓಡಾಡಿ ನನ್ನ ಅಂಗಡಿ ಗಾಜು ಅದುರುತ್ತೆ ಸಾರ್."

"ದಪ್ಪ ಗಾಜು ಹಾಕು."

"ಧೂಳು ಸಾರ್. ಎಷ್ಟು ಒರೆಸಿದ್ರೂ ಫೋಟೋದಲ್ಲಿರೋರ ಮುಖ ಕಾಣಲ್ಲ."

"ಇನ್ನೊಂದ್ಸಲ ಒರೆಸು. ನೋಡಪ್ಪಾ, ಅವತ್ತು ನೀನೇ ಆ ಸ್ಟೂಲ್ ಮೇಲೆ ನಿಂತು ಒಪ್ಪಿದೀಯಾ. ಜನ ಹೀಗೆ ಇವತ್ತೊಂದು ನಾಳೆಯೊಂದು ಅಂದ್ರೆ ಸರ್ಕಾರ ನಡೆಯೋದು ಹೇಗೆ?"

ಚೌಕಟ್ಟು ಮೇಜಿನ ಹತ್ತಿರಕ್ಕೆ ಸರಿದ. "ಸಾರ್, ಒಬ್ಬರಿಗೆ ಒಂದು ಕಡೆ ಕಣ್ಣು ಕಾಣಲ್ಲ ಸಾರ್. ದಿನಾ ದಾಟ್ತಾರೆ."

ಸಾಹೇಬರು ಪೆನ್ನು ಎತ್ತಿದರು. ಮನುಷ್ಯ ಪೂರ್ತಿ ಕೆಟ್ಟವನಾಗಿರಲಿಲ್ಲ. "ಯಾರು? ಮನೆ ಯಾವುದು ಹೇಳು. ನಮ್ಮೋರು ಹೋಗಿ ಮನೆಯವರನ್ನ ವಿಚಾರಿಸಿಕೊಂಡು ಬರ್ತಾರೆ."

ಮನೆಯವರನ್ನು ವಿಚಾರಿಸಿದರೆ ಬಾಗಿಲು ತೆಗೆಯುವವರು ಭಾವ. ಚೌಕಟ್ಟು ಬಾಯಿ ತೆರೆದ. ಮುಚ್ಚಿದ.

"ಯಾರೂ ಇಲ್ಲ ಸಾರ್," ಎಂದ.

"ಹಾಗಾದ್ರೆ ಯಾಕಪ್ಪಾ ನನ್ನ ಟೈಮ್ ತಿಂತೀಯಾ?" ಎಂದು ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಅವರ ಹಿಂದಿನ ಗೋಡೆಯಲ್ಲಿ ಫೋಟೋ ಮತ್ತೆ ಎಡಕ್ಕೆ ವಾಲಿತ್ತು. ಈ ಸಲ ಅವನು ಅದನ್ನು ಮುಟ್ಟಲಿಲ್ಲ.

ಅವನು ಬೀದಿಗೆ ತಿರುಗಿದಾಗ ಅವನ ಅಂಗಡಿಯ ಮುಂದೆ ಜನ ಕೂಡಿದ್ದರು.

ಅಕ್ಕನಿಗೆ ತಾಗಿದ್ದು ಲಾರಿಯಲ್ಲ. ಬಸ್ಸಲ್ಲ. ಬೇಕಾಬಿಟ್ಟಿ ಓಡಿಸುವ ಮೋಟಾರು ಬೈಕೂ ಅಲ್ಲ. ಮಾರುಕಟ್ಟೆ ಕಡೆಯಿಂದ ಒಬ್ಬ ಸೈಕಲ್ ಮೇಲೆ ಹತ್ತಿಯ ದಿಂಬುಗಳನ್ನು ತನಗಿಂತ ಎತ್ತರಕ್ಕೆ ಕಟ್ಟಿಕೊಂಡು ಮಾರಲು ಹೊರಟಿದ್ದ. ಅಕ್ಕ ಸೇತುವೆಯ ಕಡೆ ನೋಡಿದ್ದಾಳೆ, ಖಾಲಿ ಇದೆ, ಇಳಿದಿದ್ದಾಳೆ. ಅಂಗಡಿಯ ಕಡೆ ತಲುಪುವಷ್ಟರಲ್ಲಿ ದಿಂಬಿನ ಮೂಟೆ ಮೆತ್ತಗೆ ಭುಜಕ್ಕೆ ತಾಗಿದೆ. ಅಷ್ಟಕ್ಕೆ ಮನುಷ್ಯರು ಸಾಯುವುದಿಲ್ಲ. ಆದರೆ ಬಿದ್ದದ್ದು ಆ ಮೊಣಕಾಲೆತ್ತರದ ಹೊಸ ಕಲ್ಲಿನ ಮೇಲೆ. ಸೊಂಟದ ಮೂಳೆ ಮುರಿದಿತ್ತು. ಅವಳ ತಲೆಯ ಕೆಳಗೆ ಯಾರೋ ಅದೇ ದಿಂಬೊಂದನ್ನು ಇಟ್ಟಿದ್ದರು. ಡಬ್ಬಿ ಮಾತ್ರ ಮುಚ್ಚಳ ಬಿಚ್ಚದೆ ಅವಳ ಕೈಯಲ್ಲೇ ಇತ್ತು.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದಳು. "ಆರಿಹೋಗುತ್ತೆ, ಉಣ್ಣು."

ದಿಂಬಿನವನು ಪಕ್ಕದಲ್ಲೇ ಕೂತು ಗೋಳೋ ಎಂದು ಅಳುತ್ತಿದ್ದ. ಸೀಟಿ ಅವನ ರಟ್ಟೆ ಹಿಡಿದು ನಿಂತಿದ್ದ. ಯಾವ ತಪ್ಪಿಗೆ ಹಿಡಿದದ್ದೆಂದು ಮಾತ್ರ ಅವನಿಗೇ ಗೊತ್ತಿರಲಿಲ್ಲ. ಬಂದವನು ಸರಿಯಾದ ಕಡೆಯಿಂದಲೇ ಬಂದಿದ್ದ.

ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಯವರು ಇದ್ದ ಔಷಧಿಯೆಲ್ಲ ಕೊಟ್ಟು ಕೈಚೆಲ್ಲಿದರು. ಚೌಕಟ್ಟು ದಿನಾ ಅವಳ ಮಂಚದ ಬಲಕ್ಕೆ ಕೂರುತ್ತಿದ್ದ. ಭಾವ ಬಂದರೆ ಎದ್ದು ಆ ಜಾಗ ಬಿಟ್ಟುಕೊಡುತ್ತಿದ್ದ.

ಒಂದು ಸಂಜೆ ಭಾವ ಔಷಧಿ ತರಲು ಇಳಿದಾಗ ಅವಳು ತಮ್ಮನ ಕೈ ಹಿಡಿದಳು. "ಹೇಳ್ಬೇಡ ಕಣೋ."

"ಈಗ್ಲಾದ್ರೂ ನೀನೇ ಹೇಳಕ್ಕಾ."

"ಏನಂತ ಹೇಳ್ಲಿ? ರಸ್ತೇಲಿ ಹೋಗೋವಾಗೆಲ್ಲ ನಾನು ಅವರ ಎಡಕ್ಕೇ ನಡೀತಿದ್ದೆ, ನೋಡಿದೀಯಲ್ಲ? ಅವರು ಈ ಕಡೆ ಇದ್ರೆ ಮುಖ ಕಾಣಲ್ಲ ಕಣೋ. ಆ ಕಡೆ ಇದ್ರೆ ಕಾಣ್ತಾರೆ. ಅದಕ್ಕೆ. ಅವರು ಅದನ್ನೇ ದೊಡ್ಡ ವಿಷಯ ಮಾಡ್ಕೊಂಡು ನಾಲ್ಕು ಜನಕ್ಕೆ ಹೇಳ್ಕೊಂಡು ತಿರುಗ್ತಾರೆ. ಇರ್ಲಿ ಬಿಡು. ಹೇಳ್ಕೊಳ್ಲಿ."

ಅವಳು ಹೋದ ಮೇಲೆ ಭಾವ ಒಂದು ಫೋಟೋ ತಂದು ಅಂಗಡಿಯ ಗಾಜಿನ ಮೇಲಿಟ್ಟರು. ತಿರುಗಿ ಹೋಗುವಾಗ ರಸ್ತೆಯ ನಡುವೆ ನಿಂತುಬಿಟ್ಟರು. ಎರಡೂ ಕಡೆಯ ಗಾಡಿಗಳು ಹಾರ್ನ್ ಹೊಡೆದವು.

ಚೌಕಟ್ಟು ಆ ಫೋಟೋಗೆ ಕಟ್ಟು ಹಾಕಲು ಇಡೀ ದಿನ ತೆಗೆದುಕೊಂಡ. ಅಂಗಡಿಯಲ್ಲಿದ್ದ ಒಳ್ಳೆಯ ಬೀಡಿಂಗ್ ತೆಗೆದ. ಒಂದು ಮೂಲೆ ಕೂದಲೆಳೆಯಷ್ಟು ಬಿಟ್ಟುಕೊಂಡಿತೆಂದು ಬಿಚ್ಚಿ ಮತ್ತೆ ಕೂಡಿಸಿದ. ಫೋಟೋದಲ್ಲಿ ಅಕ್ಕ ಮುಖವನ್ನು ತುಸು ಎಡಕ್ಕೆ ತಿರುಗಿಸಿದ್ದಳು, ಬಲಗಣ್ಣು ಮುಂದೆ ಬರುವ ಹಾಗೆ. ಅವಳ ಫೋಟೋಗಳೆಲ್ಲ ಹಾಗೆಯೇ. ಫೋಟೋ ತೆಗೆಸಿಕೊಳ್ಳುವ ಗತ್ತು ಎಂದು ನೋಡಿದವರು ತಿಳಿಯುತ್ತಿದ್ದರು.

ತೂಗುಹಾಕಲು ಹೋದ ದಿನ ಮನೆ ತುಂಬ ಜನರಿದ್ದರು. ನೆಂಟರು, ಭಾವನ ಸಹೋದ್ಯೋಗಿಗಳು, ದರ್ಜಿ, ಕಟಿಂಗ್ ಶಾಪಿನವನು. ಚೌಕಟ್ಟು ಸ್ಟೂಲು ಹಾಕಿ, ಮೊಳೆ ಕಚ್ಚಿ, ಗೋಡೆಗೆ ಹೊಡೆಯತೊಡಗಿದ. ಹಿಂದಿನಿಂದ ಭಾವನ ಮಾತು ಕೇಳುತ್ತಿತ್ತು.

"ಇಷ್ಟು ವರ್ಷ ಒಂದೇ ಒಂದು ದಿನ ಅವಳು ನನ್ನ ಬಲಗಡೆ ನಡೀಲಿಲ್ಲ. ಜನಜಂಗುಳಿ ಇರ್ಲಿ, ಮಳೆ ಬರ್ಲಿ, ನನ್ನ ಎಡಗಡೇಗೇ ಬಂದು ಸೇರ್ಕೊಳ್ಳೋಳು. ಯಾಕೆ ಅಂತ ಕೇಳಿದ್ರೆ ನಗೋಳು. ಅಂಥ ಹೆಂಗಸು..."

ಸುತ್ತಿಗೆ ಒಂದು ಕ್ಷಣ ನಿಂತಿತು. ಮತ್ತೆ ಹೊಡೆಯಿತು. ಫೋಟೋ ಸಿಕ್ಕಿಸಿ ಅವನು ಕೆಳಗಿಳಿದ. ಕಣ್ಣು ಮಂಜಾಗಿದ್ದುದರಿಂದ ನೆಟ್ಟಗಿದೆಯೋ ಇಲ್ಲವೋ ತಿಳಿಯಲಿಲ್ಲ.

"ವಾಲಿದೆ," ಎಂದರು ಭಾವ. ಎದ್ದು ನಿಂತರು. "ಅವಳದೊಂದು ಫೋಟೋನಾದ್ರೂ ನೆಟ್ಟಗೆ ಹಾಕೋ ಯೋಗ್ಯತೆ ಇಲ್ವಲ್ಲೋ ನಿನಗೆ. ರಸ್ತೆ ತಂದ್ಯಲ್ಲ! ಸಾಹೇಬ್ರು ಕೇಳಿದ್ರು, ಆಗಲಿ ಅಂದೆ ಅಂತ ಕುರ್ಚಿ ಮೇಲೆ ಕೂತು ಮೆರೆದ್ಯಲ್ಲ! ನಿನ್ನ ಆ ಒಂದು ಮಾತಿಗೆ ಅವಳು ಹೋದಳು. ಇಷ್ಟು ವರ್ಷ ದಿನಾ ದಾಟ್ತಿದ್ದ ಬೀದೀಲಿ, ಒಂದು ದಿಂಬಿನ ಸೈಕಲ್ಲಿಗೆ. ಎದುರಿಗೆ ಬರೋದು ಕಾಣದೇ ಇರೋಕೆ ಅವಳೇನು ಕುರುಡಿಯಾ? ಹೇಳೋ. ಅವಳಿಗ್ಯಾಕೆ ಕಾಣ್ಲಿಲ್ಲ? ಎಲ್ಲರ ಮುಂದೆ ಹೇಳು. ಬಾಯಲ್ಲಿ ಮೊಳೆ ಇದೆ ಅಂತ ತಪ್ಪಿಸ್ಕೋಬೇಡ!"

ಎಲ್ಲರೂ ಅವನ ಬಾಯಿಯನ್ನೇ ನೋಡಿದರು.

ಚೌಕಟ್ಟು ಉಳಿದ ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. ಒಂದೂ ಉಳಿಯಲಿಲ್ಲ. ಭಾವನ ಮುಖ ನೋಡಿದ. ಆಮೇಲೆ ಸ್ಟೂಲು ಹತ್ತಿ, ಬೆರಳ ತುದಿಯಿಂದ ಫೋಟೋದ ಕೆಳಗಿನ ಮೂಲೆಯನ್ನು ತುಸು ಸರಿಸಿ, ಇಳಿದ. ಮೊಳೆಗಳನ್ನು ಜೇಬಿಗೆ ಹಾಕಿಕೊಂಡು, ಸುತ್ತಿಗೆ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ.

"ನೋಡಿದ್ರಾ? ಏನಾದ್ರೂ ಇದ್ರೆ ತಾನೇ ಹೇಳೋಕೆ!" ಎಂದು ಮೇಲಿನಿಂದ ಯಾರೋ ಅಂದರು.

ಅವನು ಕಟಿಂಗ್ ಶಾಪಿನ ಮುಂದೆ ನಿಲ್ಲದೆ ಅಂಚಿಗೆ ಬಂದ. ಸೇತುವೆಯ ಕಡೆ ನೋಡಿದ, ಮಾರುಕಟ್ಟೆಯ ಕಡೆ ನೋಡಿದ, ಕಲ್ಲು ದಾಟಿ ರಸ್ತೆಗಿಳಿದು ನಡೆದುಹೋದ.